ಒಂದಕ್ಷರದ ಬೆಲೆ

ಯಂತ್ರದ ಹೆಸರಿಗೆ ಅಂಟಿದ ಅಕ್ಷರಗಳನ್ನು ನಾವು ಬರಿಯ ಅಲಂಕಾರವೆಂದು ಕಡೆಗಣಿಸುವುದುಂಟು. ಇದು ತರವಲ್ಲ. ಇಟಲಿಯ ಬೆರೆಟ್ಟಾ ಕಾರ್ಖಾನೆಯು 1970ರ ದಶಕದಲ್ಲಿ ಹೊರತಂದ ‘92’ ಎಂಬ ಅರೆಸ್ವಯಂಚಾಲಿತ ಪಿಸ್ತೂಲನ್ನೇ ನೋಡೋಣ. ಸುರಕ್ಷೆಯ ಸನ್ನೆಯು ಚೌಕಟ್ಟಿನಿಂದ ಮೇಲಿನ ಸ್ಲೈಡಿಗೇರಲು ಅದು ‘92ಎಸ್’ ಆಯಿತು. ‘92ಎಫ್’ ಎಂಬುದು 1985ರಲ್ಲಿ ಅಮೆರಿಕದ ಸೇನೆಯ ‘ಎಂ9’ ಎನಿಸಿತು. ಬಳಿಕ ಕೆಲವು ಪಿಸ್ತೂಲುಗಳ ಸ್ಲೈಡು ಮುರಿದು ಹಿಂದಕ್ಕೆ ಸಿಡಿಯಿತು, ಹಾರಿಸಿದವರೇ ಗಾಯಗೊಂಡರು. ಆಗ ಸುತ್ತಿಗೆಯ ಕೀಲಿನ ತಲೆಯನ್ನು ಹಿರಿದುಗೊಳಿಸಿ, ಮುರಿದ ಸ್ಲೈಡು ಕಳಚಿ ಬಾರದಂತೆ ತಡೆದರು. ಈ ತಿದ್ದುಪಡಿಯನ್ನು ‘92ಎಫ್‌ಎಸ್’ ಎಂಬ ಹೆಸರು ಸಾರುತ್ತದೆ. ‘ಎಂ9’ ಎಂಬುದು ಸಾರುವುದಿಲ್ಲ. ಬದಲಾವಣೆಯನ್ನು ಮರೆಮಾಡುವ ಹೆಸರು ಅಪೂರ್ಣವೆಂದೇ ನಮ್ಮ ಅಭಿಪ್ರಾಯ. ದಾಖಲೆ ಬರೆಯುವವರು ಕೊನೆಯ ಅಕ್ಷರವನ್ನೂ ಬಿಡದೆ ಬರೆಯಲಿ. ಮನುಷ್ಯನ ಕ್ಷೇಮವು ಕೆಲವೊಮ್ಮೆ ಅದರಲ್ಲಿಯೇ ಅಡಗಿರುತ್ತದೆ.