ಹರಡಿದ ಚರ್ಮ ಕ್ಯಾನ್ಸರಿಗೆ ಯಾವ ಕೀಮೋ?

ಚರ್ಮದ ಕ್ಯಾನ್ಸರ್ ನಮ್ಮ ದೇಶದಲ್ಲಿ ಕಡಿಮೆ. ಕಡಿಮೆ ಇರುವುದರಿಂದಲೇ ಅದರ ಮೇಲೆ ಅನುಮಾನ ಬರುವುದು ತಡ. ಕಪ್ಪು ಮೈಬಣ್ಣದವರಲ್ಲಿ ಮೆಲನೋಮ ಎಂಬ ಬಗೆಯ ಚರ್ಮ ಕ್ಯಾನ್ಸರ್ ಹೆಚ್ಚಾಗಿ ಬಿಸಿಲೇ ತಾಗದ ಅಂಗಾಲಿನಲ್ಲಿ, ಉಗುರಿನ ಬುಡದಲ್ಲಿ ಹುಟ್ಟುತ್ತದೆ. ಆಣಿ ಎಂದೋ ಮುಳ್ಳು ಮುರಿದದ್ದೆಂದೋ ತಿಂಗಳುಗಳು ಕಳೆಯುತ್ತವೆ. ಹಳೆಯ ಸುಟ್ಟಗಾಯದ ಕಲೆಯಲ್ಲಿ, ವರ್ಷಗಟ್ಟಲೆ ಮಾಯದ ಹುಣ್ಣಿನಲ್ಲಿ ಏಳುವ ಸ್ಕ್ವಾಮಸ್ ಕ್ಯಾನ್ಸರಿಗೆ ಮಾರ್ಜೋಲಿನ್ ಹುಣ್ಣು ಎಂಬ ಹೆಸರಿದೆ. ಇವೆರಡಕ್ಕಿಂತ ವಿರಳವಾದದ್ದು 1972ರಲ್ಲಿ ಮೊದಲು ವರ್ಣಿಸಲಾದ ಮರ್ಕೆಲ್ ಕೋಶದ ಕ್ಯಾನ್ಸರ್.

ಈ ಮೂರಕ್ಕೂ ಒಂದೇ ಕೀಮೋ ಇಲ್ಲ. ಹಾಗಾಗಿ ಔಷಧಿಯ ಆಯ್ಕೆ ಶುರುವಾಗುವುದು ಬಯಾಪ್ಸಿಯಿಂದ. ಸೂಕ್ಷ್ಮದರ್ಶಕದಡಿ ಮರ್ಕೆಲ್ ಗಡ್ಡೆ, ಶ್ವಾಸಕೋಶದಿಂದ ಹರಡಿಬಂದ ಕ್ಯಾನ್ಸರಿನಂತೆಯೇ ಕಾಣಬಹುದು. ವಿಶೇಷ ಬಣ್ಣಪರೀಕ್ಷೆಗಳಷ್ಟೇ ಬೇರೆ ಮಾಡಿ ತೋರಿಸುತ್ತವೆ. ಅಪರೂಪದ ವರದಿ ಬಂದಾಗ ಇನ್ನೊಬ್ಬ ಪೆಥಾಲಜಿಸ್ಟ್ ಕಣ್ಣಿಗೂ ಅದು ಬೀಳಬೇಕು. ಅದಕ್ಕೆ ರೋಗಿ ಊರು ಬಿಡಬೇಕಿಲ್ಲ, ಸ್ಲೈಡು ಮತ್ತು ಮೇಣದ ಬ್ಲಾಕು ಹೋದರೆ ಸಾಕು.

ಮೆಲನೋಮಕ್ಕೆ 1970ರ ದಶಕದಿಂದ ಡಕಾರ್ಬಝಿನ್ ಕೊಡುತ್ತಾ ಬಂದಿದ್ದಾರೆ. ಹತ್ತು ಜನರಲ್ಲಿ ಒಬ್ಬಿಬ್ಬರಿಗೆ ಗಡ್ಡೆ ಕುಗ್ಗುತ್ತದೆ. ಆಯಸ್ಸು ಹೆಚ್ಚಿಸುತ್ತದೆಂದು ಯಾವ ಪ್ರಯೋಗವೂ ಸಾಬೀತುಪಡಿಸಿಲ್ಲ. ಟೆಮೊಝೊಲೊಮೈಡ್ ಅದರ ಹತ್ತಿರದ ಸಂಬಂಧಿ, ಪರಿಣಾಮವೂ ಅಷ್ಟೇ, ಆದರೆ ಬಾಯಲ್ಲಿ ನುಂಗುವ ಕ್ಯಾಪ್ಸೂಲು. ಅಂಗಾಲಿನ ಮೆಲನೋಮದಲ್ಲಿ ಕೆಲವರಿಗೆ ಕಿಟ್ ಎಂಬ ಜೀನಿನ ದೋಷವಿರುತ್ತದೆ. ಅಂಥವರಿಗೆ ಇಮ್ಯಾಟಿನಿಬ್ ಮಾತ್ರೆ ಕೆಲಸ ಮಾಡಬಹುದು, ಆದ್ದರಿಂದ ಜೀನ್ ಪರೀಕ್ಷೆಯ ಖರ್ಚು ದಂಡವಲ್ಲ. ಮರ್ಕೆಲ್‌ಗೆ ಕಾರ್ಬೋಪ್ಲಾಟಿನ್ ಜೊತೆ ಎಟೊಪೊಸೈಡ್ ಕೊಟ್ಟರೆ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಗಡ್ಡೆ ಬೇಗ ಕರಗುತ್ತದೆ, ಕೆಲವೇ ತಿಂಗಳಲ್ಲಿ ಮರಳಿಯೂ ಬರುತ್ತದೆ. ಸ್ಕ್ವಾಮಸ್‌ಗೆ ಸಿಸ್ಪ್ಲಾಟಿನ್ ಹಳೆಯ ಆಯುಧ. ಮೂತ್ರಪಿಂಡ ಮತ್ತು ಕಿವಿಗೆ ಅದರ ಪೆಟ್ಟು ಬೀಳುವುದರಿಂದ ವಯಸ್ಸಾದವರಿಗೆ ತಡೆದುಕೊಳ್ಳುವುದು ಕಷ್ಟ.

ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎತ್ತಿಕಟ್ಟುವ ಇಮ್ಯುನೋಥೆರಪಿ ಈ ಲೆಕ್ಕವನ್ನೇ ಬದಲಿಸಿತು. ಅಮೆರಿಕದಲ್ಲಿ ಮೆಲನೋಮಕ್ಕೆ 2011 ಮತ್ತು 2014ರಲ್ಲಿ, ಮರ್ಕೆಲ್‌ಗೆ 2017ರಲ್ಲಿ, ಸ್ಕ್ವಾಮಸ್‌ಗೆ 2018ರಲ್ಲಿ ಇಂಥ ಔಷಧಿಗಳಿಗೆ ಅನುಮತಿ ಸಿಕ್ಕಿತು. ಕೈಗೆಟುಕುವುದಾದರೆ ಮೂರಕ್ಕೂ ಮೊದಲ ಆಯ್ಕೆ ಇದೇ. ಎಟುಕುವುದು ಎಷ್ಟು ಮನೆಗಳಿಗೆ ಎಂಬುದು ಬೇರೆ ಮಾತು. ಮುಂಬೈನ ಟಾಟಾ ಮೆಮೋರಿಯಲ್ ವೈದ್ಯರು ತಲೆ–ಕುತ್ತಿಗೆ ಕ್ಯಾನ್ಸರಿನಲ್ಲಿ ನಿವೊಲುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧಿಯನ್ನು ಕೇವಲ 20 ಮಿಲಿಗ್ರಾಂನಷ್ಟು ಬಾಯಿಮಾತ್ರೆಗಳೊಂದಿಗೆ ಸೇರಿಸಿದಾಗ, ಒಂದು ವರ್ಷ ಬದುಕುಳಿದವರ ಪ್ರಮಾಣ ಶೇ 16ರಿಂದ 43ಕ್ಕೇರಿತು. ಚರ್ಮದ ಕ್ಯಾನ್ಸರಿಗೆ ಅಷ್ಟೇ ಗಟ್ಟಿ ಆಧಾರ ಇನ್ನೂ ಇಲ್ಲ. ಆದರೂ ಇಂಥ ಕಡಿಮೆ ಡೋಸು ಸಾಧ್ಯವೇ ಎಂದು ವೈದ್ಯರನ್ನು ಕೇಳಬೇಕು.

ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಕಡೆಯವರಿಗೆ ಆಯ್ಕೆಯಲ್ಲಿ ಇನ್ನೊಂದು ಅಂಶ ಸೇರುತ್ತದೆ: ದಾರಿ. ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಈ ಎರಡು ತಾಲ್ಲೂಕುಗಳವರಿಗೆ ಒಂದು ಕಡೆ ಬಾರ್ಶಿಯ ನರ್ಗಿಸ್ ದತ್ ಕ್ಯಾನ್ಸರ್ ಆಸ್ಪತ್ರೆ, ಇನ್ನೊಂದು ಕಡೆ ಹೈದರಾಬಾದಿನ ಎಂಎನ್‌ಜೆ, ದಕ್ಷಿಣಕ್ಕೆ ಕಲಬುರಗಿಯ ಕಿದ್ವಾಯಿ ಕೇಂದ್ರವಿದೆ. ಕೀಮೋ ಆದ ಒಂದೆರಡು ವಾರದಲ್ಲಿ ಬಿಳಿರಕ್ತಕಣ ತಳಕ್ಕಿಳಿಯುತ್ತವೆ. ಆಗ 100.4 ಡಿಗ್ರಿ ಜ್ವರ ಬಂದರೆ ಬೆಳಗಿನ ಬಸ್ಸಿಗೆ ಕಾಯುವಂತಿಲ್ಲ, ಹತ್ತಿರದ ಆಸ್ಪತ್ರೆಯಲ್ಲೇ ಆ ರಾತ್ರಿ ಆಂಟಿಬಯೋಟಿಕ್ ಹತ್ತಬೇಕು. ಎರಡು ಕ್ರಮಗಳ ಫಲ ಹೆಚ್ಚುಕಡಿಮೆ ಒಂದೇ ಎಂದಾದಾಗ, ವಾರವಾರದ ಡ್ರಿಪ್‌ಗಿಂತ ಮೂರು ವಾರಕ್ಕೊಮ್ಮೆಯದು ಅಥವಾ ಮಾತ್ರೆ ಈ ಭಾಗದವರಿಗೆ ಮೇಲು. ಮಹಾನಗರದ ವೈದ್ಯರು ಚೀಟಿ ಬರೆಯುವಾಗ ಇದನ್ನು ನೆನೆಯುವುದು ಅಪರೂಪ, ಮನೆಯವರೇ ಹೇಳಬೇಕು.

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಸೂಚಿಸಿದ ಔಷಧಿ ಅದರ ಪಟ್ಟಿಯಲ್ಲಿದೆಯೇ, ರಾಜ್ಯದ ಗಡಿಯಾಚೆ ಕಾರ್ಡು ನಡೆಯುತ್ತದೆಯೇ ಎಂದು ಹೊಲ ಅಡವಿಡುವ ಮುನ್ನ ವಿಚಾರಿಸಬೇಕು.

ಹರಡಿದ ಹಂತದಲ್ಲಿ ಕೀಮೋದ ಗುರಿ ನೋವು, ರಕ್ತಸ್ರಾವ, ಹುಣ್ಣಿನ ವಾಸನೆ ತಗ್ಗಿಸಿ ಒಂದಷ್ಟು ಕಾಲ ಗಳಿಸುವುದು, ಬೇರುಸಹಿತ ಗುಣಪಡಿಸುವುದಲ್ಲ. ಎರಡು ಮೂರು ಸುತ್ತಿನ ನಂತರ ಸ್ಕ್ಯಾನಿನಲ್ಲಿ ಗಡ್ಡೆ ಬೆಳೆದಿದ್ದರೆ ಆ ಔಷಧಿಯನ್ನು ನಿಲ್ಲಿಸಬೇಕು. ನೋವಿಗೆ ಮಾರ್ಫಿನ್ ಮಾತ್ರೆ ಕೊಡಿ ಎಂದು ಕೇಳಲು ಅಲ್ಲಿಯವರೆಗೆ ಕಾಯಬೇಕಾಗಿಲ್ಲ, ಮೊದಲ ದಿನವೇ ಕೇಳಬಹುದು.