ಮಗು ಖಾಲಿ ಹಲಗೆಯಲ್ಲ



1800ರಲ್ಲಿ ಫ್ರಾನ್ಸಿನ ಅವೆರಾನ್ ಪ್ರಾಂತದಲ್ಲಿ, ಕಾಡಿನಲ್ಲಿ ಅಲೆಯುತ್ತಿದ್ದ ಸುಮಾರು 12 ವರ್ಷದ ಬಾಲಕನೊಬ್ಬ ಜನರ ಕೈಗೆ ಸಿಕ್ಕಿದ. ಅವನಿಗೆ ಮಾತೇ ಇರಲಿಲ್ಲ. ಹುಟ್ಟುವಾಗ ಮನಸ್ಸು ಏನೂ ಬರೆಯದ ಹಲಗೆ, ಶಿಕ್ಷಣದಿಂದ ಮನುಷ್ಯನನ್ನು ಪರಿಪೂರ್ಣಗೊಳಿಸಬಹುದು ಎಂಬ ನಂಬಿಕೆ ಪ್ರಬಲವಾಗಿದ್ದ ಕಾಲವದು. ಪ್ಯಾರಿಸ್ಸಿನ ತರುಣ ವೈದ್ಯ ಇತಾರ್ ಅವನಿಗೆ ವಿಕ್ಟರ್ ಎಂದು ಹೆಸರಿಟ್ಟು ಸುಮಾರು ಐದು ವರ್ಷ ಶ್ರಮಿಸಿದರು. ಬಾಲಕ ಕೆಲವು ಲಿಖಿತ ಪದಗಳನ್ನು ಗುರುತಿಸಲು ಕಲಿತ. ಮಾತು ಮಾತ್ರ ಒಲಿಯಲಿಲ್ಲ. ಅವನಲ್ಲಿ ಹುಟ್ಟಿನಿಂದಲೇ ಕೊರತೆಯಿತ್ತೆಂದು ವಾದಿಸಿದವರೂ ಉಂಟು. ಆದರೂ ಗುರುವಿನ ಶ್ರಮವೊಂದೇ ಸಾಲದೆಂಬುದು ಅಲ್ಲಿ ಸ್ಪಷ್ಟವಾಯಿತು.

ನಮ್ಮ ಮಕ್ಕಳ ಸ್ಥಿತಿ ಹಾಗಲ್ಲ. ಶಾಲೆಯ ಹೊಸ್ತಿಲು ತುಳಿಯುವಾಗಲೇ ಮನೆಯಲ್ಲಿ ಕಲಿತ ಕನ್ನಡ ಅವರ ನಾಲಿಗೆಯ ಮೇಲಿರುತ್ತದೆ. ಇತಾರ್ ಐದು ವರ್ಷ ಹುಡುಕಿಯೂ ಕಾಣದ ಸಂಪತ್ತು ಅದು. ಮಗುವನ್ನು ಖಾಲಿ ಹಲಗೆಯೆಂದು ಭಾವಿಸಿ, ಆ ಸಂಪತ್ತನ್ನು ಬದಿಗೊತ್ತಿ, ಅರಿಯದ ಭಾಷೆಯಲ್ಲಿ ಮೊದಲಕ್ಷರ ತಿದ್ದಿಸುವುದು ವಿವೇಕವೇ?

ನಾವಿರುವ ರಾಜ್ಯದ ಭಾಷೆ ಬೇಕು, ಇಂಗ್ಲಿಷೂ ಬೇಕು. ಅವು ಕನ್ನಡದ ಬುನಾದಿಯ ಮೇಲೆ ಬರಲಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆಯ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆದರೆ ಕೇಳುವವರಿಲ್ಲದ ಕನ್ನಡ ವಿಭಾಗ ಉಳಿಯದು. ದಾಖಲಾತಿಯ ದಿನ ಮರೆಯದೆ ಕೇಳಿ.