ಬಂಜೆಯೆನ್ನುವ ಮೊದಲು ಭಟ್ಟಿಯ ಹೊಗೆಯನ್ನು ನೋಡಿರಿ

ಒಕ್ಕಲುತನದ ಪುಟದಲ್ಲಿ ಇಂಥ ವಿಷಯವೇಕೆಂದು ಕೆಲವು ವಾಚಕರು ಹುಬ್ಬು ಗಂಟಿಕ್ಕಬಹುದು. ಬರೆಯಲು ನಮಗೂ ಸಂಕೋಚವೇ. ಆದರೆ ನಮ್ಮ ಜತ್ತ ತಾಲೂಕಿನಲ್ಲಿ ಮಳೆ ಕೈಕೊಟ್ಟಾಗಲೆಲ್ಲ ಮನೆಯ ಹುಡುಗನೊಬ್ಬ ಗಲಾಯಿ ಕೆಲಸಕ್ಕೆಂದು ಪರಸ್ಥಳದ ದಾರಿ ಹಿಡಿಯುತ್ತಾನೆ. ಅವನು ಕಳಿಸಿದ ಹಣದಿಂದ ಬಾವಿ ತೋಡಿಸಿದವರುಂಟು, ದಾಳಿಂಬೆ ಹಚ್ಚಿದವರುಂಟು. ಹೀಗಿರುವಾಗ ಆ ಕೆಲಸದಿಂದ ಅವನ ಮೈಗೆ ಏನಾಗುತ್ತದೆಂಬುದು ಒಕ್ಕಲಿಗನ ಮನೆಯ ಮಾತೇ ಹೊರತು ಬೇರೆಯಲ್ಲ.

ಹತ್ತು ವರ್ಷಗಳ ಹಿಂದೆ ನಮ್ಮೂರಲ್ಲಿ ಒಂದು ಎರಡನೆಯ ಮದುವೆಯಾಯಿತು. ಮದುಮಗ ನಮ್ಮ ಕೈಯಲ್ಲೇ ಏಳನೆಯ ಇಯತ್ತೆಯವರೆಗೆ ಕಲಿತವನು. ಬೆಳ್ಳಿ ಶುದ್ಧಮಾಡುವ ಅಂಗಡಿಯಲ್ಲಿ ಬಹಳ ವರ್ಷ ದುಡಿದವನು. ಆರು ವರ್ಷವಾದರೂ ಮಕ್ಕಳಾಗಲಿಲ್ಲವೆಂದು ಮೊದಲಿನ ಹೆಂಡತಿಗೆ ಸೋಡಚೀಟಿ ಕೊಟ್ಟು ತವರಿಗೆ ಕಳಿಸಿಬಿಟ್ಟರು. ಅದಕ್ಕೂ ಮೊದಲು ಅವಳಿಗೆ ಹರಕೆ ಹೊರಿಸಿದ್ದೆಷ್ಟು, ಉಪವಾಸ ಮಾಡಿಸಿದ್ದೆಷ್ಟು, ಕುಡಿಸಿದ ಬೇರು ನಾರು ಎಷ್ಟು! ಹುಡುಗನನ್ನು ಮಾತ್ರ ಒಂದು ದಿನವೂ ದವಾಖಾನೆಗೆ ಕರೆದೊಯ್ಯಲಿಲ್ಲ. ಹೇಳಬೇಕಾಗಿದ್ದ ನಾವೂ ಹೇಳಲಿಲ್ಲ. ಮದುವೆಗೆ ಹೋಗಿ ಅಕ್ಷತೆ ಹಾಕಿ, ಗೋದಿಹುಗ್ಗಿ ಉಂಡು ಬಂದೆವು.

ಎರಡನೆಯವಳಿಗೂ ಮಕ್ಕಳಾಗಲಿಲ್ಲ. ಮೊದಲಿನವಳನ್ನು ಬೇರೆ ತಾಲೂಕಿನ ವಿಧುರನೊಬ್ಬ ಮಾಡಿಕೊಂಡ. ಈಗ ಅವಳಿಗೆ ಎರಡು ಮಕ್ಕಳು. ಇಷ್ಟಾದ ಮೇಲೂ ಹುಡುಗನ ತಾಯಿ ಶಾಲೆಯ ಕಟ್ಟೆಗೆ ಬಂದು, "ನಮ್ಮ ದೈವಕ್ಕ ಎರಡನೇದೂ ಬಂಜೀನ ಸಿಕ್ತರಿ ಗುರುಗಳ" ಎಂದು ಕಣ್ಣೀರು ಹಾಕಿದರು. ನಮಗೆ ಆ ತಾಯಿಯ ಮೇಲೆ ಸಿಟ್ಟು ಬರಲಿಲ್ಲ, ಬಂದದ್ದು ನಮ್ಮ ಮೇಲೆ.

ನಮ್ಮ ತಾಲೂಕಿನ ಮಾಡಗ್ಯಾಳ ಕುರಿಯ ಹೆಸರು ಕೇಳದವರಿಲ್ಲ. ಒಳ್ಳೆಯ ಟಗರಿಗೆ ಲಕ್ಷಗಟ್ಟಲೆ ಬೆಲೆ ಕಟ್ಟುತ್ತಾರೆ. ಅದರ ಮೂಗು, ಕಾಲು, ಬೀಜ ಎಲ್ಲವನ್ನೂ ಮುಟ್ಟಿ ನೋಡದೆ ಯಾವ ಕುರುಬನೂ ಅದನ್ನು ಹಿಂಡಿಗೆ ಬಿಡುವುದಿಲ್ಲ. ಹಿಂಡಿನ ಕುರಿಗಳು ಗಬ್ಬವಾಗದಿದ್ದರೆ ಮೊದಲು ಅನುಮಾನ ಪಡುವುದು ಟಗರಿನ ಮೇಲೆ. ಜೋಳ ಹುಟ್ಟದಿದ್ದರೆ ಹೊಲವನ್ನು ಬೈಯುವ ಮೊದಲು ಬೀಜವನ್ನು ಹಸಿ ಗೋಣಿಯಲ್ಲಿ ಸುತ್ತಿ ನೂರಕ್ಕೆ ಎಷ್ಟು ಮೊಳೆಯುತ್ತವೆಂದು ಎಣಿಸುತ್ತೇವೆ. (ಹೆಣ್ಣನ್ನು ಹೊಲಕ್ಕೆ ಹೋಲಿಸುವ ರೂಢಿ ನಮಗೆ ಹಿಡಿಸುವುದಿಲ್ಲ. ಹಾಗೆ ಹೋಲಿಸುವ ಹಿರಿಯರಾದರೂ ಬೀಜ ಪರೀಕ್ಷೆಯನ್ನು ಮರೆಯಬಾರದಷ್ಟೆ.) ಕುರಿ, ಜೋಳಗಳಿಗೆ ಸಲ್ಲುವ ಈ ನ್ಯಾಯ ಮನೆಗೆ ಬಂದ ಸೊಸೆಗೇಕೆ ಸಲ್ಲುವುದಿಲ್ಲ?

ಈಗ ಗಲಾಯಿಯ ಮಾತು. ಸಾಂಗಲಿ ಜಿಲ್ಲೆಯ ಖಾನಾಪುರ, ಆಟಪಾಡಿಗಳಿಂದ ಹಬ್ಬಿದ ಈ ಕಸಬು ನಮ್ಮವರನ್ನು ದೇಶದ ಮೂಲೆಮೂಲೆಗೂ ಒಯ್ದಿದೆ. ಹಳೆಯ ಆಭರಣ, ಅಕ್ಕಸಾಲೆಯ ಕಸದ ಪುಡಿ ಇವನ್ನು ಮೂಸೆಯಲ್ಲಿ ಕರಗಿಸಿ, ತೇಜಾಬಿನಲ್ಲಿ ಹಾಕಿ, ಶುದ್ಧ ಚಿನ್ನ ಬೆಳ್ಳಿಗಳನ್ನು ತೆಗೆಯುವುದು ಇದರ ರೀತಿ. ಬೆಳ್ಳಿಯನ್ನು ಹಳೆಯ ಪದ್ಧತಿಯಲ್ಲಿ ಶುದ್ಧಮಾಡುವಾಗ ಅದರಲ್ಲಿ ಸೀಸ ಬೆರೆಸಿ ಕಾಸಿ ಗಾಳಿ ಊದುತ್ತಾರೆ. ಸೀಸವು ಕಲ್ಮಷವನ್ನೆಲ್ಲ ತನ್ನೊಡನೆ ಎಳೆದುಕೊಂಡು ಬೂದಿಯಲ್ಲಿ ಇಂಗುತ್ತದೆ. ಇಂಗದೆ ಉಳಿದದ್ದು ಹೊಗೆಯಾಗಿ ಕೋಣೆಯಲ್ಲಿ ತುಂಬುತ್ತದೆ. ಚಿನ್ನದ ಕಥೆ ಇನ್ನೊಂದು. ಕೆಡಿಎಂ ಎಂದು ಹೆಸರಾದ ಆಭರಣಗಳ ಬೆಸುಗೆಯಲ್ಲಿ ಕ್ಯಾಡ್ಮಿಯಂ ಎಂಬ ಲೋಹವಿರುತ್ತದೆ. ಚಿನ್ನ ಕರಗುವುದು 1064 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ. ಕ್ಯಾಡ್ಮಿಯಂ 767 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಅಂದಮೇಲೆ ಅಂಥ ಒಡವೆಯನ್ನು ಮೂಸೆಗೆ ಹಾಕಿದಾಗ ಚಿನ್ನ ನೀರಾಗುವುದಕ್ಕೂ ಮುಂಚೆ ಈ ವಿಷ ಹುಡುಗನ ಮೂಗಿನ ಮುಂದೆ ಏಳುತ್ತದೆ. ಮೂಗಿಗೆ ಕಟ್ಟಿದ ಕರವಸ್ತ್ರ ಇದನ್ನು ತಡೆಯಲಾರದು. ಎಷ್ಟೋ ಕಡೆ ಭಟ್ಟಿ, ಅಡಿಗೆ, ಹಾಸಿಗೆ ಮೂರೂ ಒಂದೇ ಕೋಣೆಯಲ್ಲಿ ಎಂದು ಹೋಗಿಬಂದ ಹುಡುಗರೇ ಹೇಳುತ್ತಾರೆ.

ಇದು ನಮ್ಮ ಊಹೆಯಲ್ಲ. 1957ರಲ್ಲಿ ಚೆಕೊಸ್ಲೊವಾಕಿಯದ ಪಾರ್ಜೀಜೆಕ್ ಎಂಬ ವಿಜ್ಞಾನಿ, ಕ್ಯಾಡ್ಮಿಯಂ ಲವಣವನ್ನು ಸ್ವಲ್ಪವೇ ಚುಚ್ಚಿದರೂ ಇಲಿಯ ವೃಷಣ ಕೆಡುತ್ತದೆಂದು ತೋರಿಸಿದನು. 1975ರಲ್ಲಿ ರುಮೇನಿಯದ ವೈದ್ಯರು ಸೀಸದಲ್ಲಿ ದುಡಿಯುವ 150 ಕೆಲಸಗಾರರನ್ನು ಪರೀಕ್ಷಿಸಿದಾಗ, ಮೈಯಲ್ಲಿ ಸೀಸ ಹೆಚ್ಚಿದವರ ವೀರ್ಯಾಣುಗಳು ಸಂಖ್ಯೆಯಲ್ಲಿ ಕಡಿಮೆಯಾಗಿ, ಚಲನೆ ಕುಂದಿ, ಆಕಾರ ಕೆಟ್ಟಿದ್ದುದು ಕಂಡುಬಂದಿತು. ನಮ್ಮ ದೇಶದ ಬೆಳ್ಳಿ ಕೆಲಸಗಾರರಲ್ಲಿ ಸೀಸದ ವಿಷವಿರುವುದೂ 1983ರಲ್ಲಿಯೇ ವರದಿಯಾಗಿದೆ. ವೀರ್ಯಾಣುವಿನ ತಲೆಯೊಳಗಿನ ತಂತು ಗಟ್ಟಿಯಾಗಿ ಸುತ್ತಿಕೊಂಡಿರಲು ಸತುವು ಬೇಕು. ಸೀಸ ಬಂದು ಆ ಸತುವಿನ ಜಾಗದಲ್ಲಿ ಕುಳಿತುಬಿಡುತ್ತದೆ. ಹಾಗೆಂದು ಸತುವಿನ ಗುಳಿಗೆ ನುಂಗಿ ಭಟ್ಟಿಯ ಮುಂದೆ ಕುಳಿತರೆ ಆಯಿತೆಂದು ಯಾರೂ ತಿಳಿಯಬಾರದು.

ತಂಬಾಕನ್ನೂ ಇಲ್ಲಿ ಹೇಳಬೇಕು. ಆ ಗಿಡ ಮಣ್ಣಿನಲ್ಲಿರುವ ಕ್ಯಾಡ್ಮಿಯಮನ್ನು ಎಳೆದು ಎಲೆಯಲ್ಲಿ ಕೂಡಿಡುತ್ತದೆ. ಭಟ್ಟಿಯ ಕೆಲಸ ಮುಗಿಸಿ ಬೀಡಿ ಹಚ್ಚುವವನು ಅದೇ ವಿಷವನ್ನು ಇನ್ನೊಂದು ಬಾಗಿಲಿನಿಂದ ಒಳಗೆ ಕರೆಯುತ್ತಾನೆ.

ಗಂಡಸರು ಪರೀಕ್ಷೆಗೆ ಒಲ್ಲೆನ್ನುವುದಕ್ಕೆ ಕಾರಣ ನಮಗೆ ಗೊತ್ತಿದೆ. ಗಂಡಸ್ತನ ಬೇರೆ, ವೀರ್ಯಾಣುಗಳ ಸಂಖ್ಯೆ ಬೇರೆ ಎಂಬುದು ಅವರಿಗೆ ತಿಳಿದಿಲ್ಲ. ಸಂಸಾರ ಚೆನ್ನಾಗಿ ನಡೆದವನಿಗೂ ವೀರ್ಯಾಣು ಕಡಿಮೆಯಿರಬಹುದು. ಹೊರಗೆ ಯಾವ ಗುರುತೂ ಕಾಣುವುದಿಲ್ಲ. ಇದನ್ನು ತಿಳಿಯದೆ ಜಾತ್ರೆಯಲ್ಲಿ ಗುಡಾರ ಹಾಕಿದ ವೈದ್ಯನ ಬಳಿ ಗುಟ್ಟಾಗಿ ಧಾತುಪುಷ್ಟಿಯ ಭಸ್ಮ ಕೊಳ್ಳುತ್ತಾರೆ. ನಾಗಭಸ್ಮವೆಂದರೆ ಸೀಸದ ಭಸ್ಮ! ಸೀಸದಿಂದ ಕೆಟ್ಟವನು ಹಣ ಕೊಟ್ಟು ಸೀಸ ತಿನ್ನುವ ವಿಚಿತ್ರವಿದು. 2004ರಲ್ಲಿ ಅಮೇರಿಕದ ಬಾಸ್ಟನ್ ಸುತ್ತಲಿನ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಔಷಧಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಇಲ್ಲವೆ ಪಾಷಾಣ ಸಿಕ್ಕಿತು. ಆಯುರ್ವೇದವನ್ನು ನಾವು ಹಳಿಯುತ್ತಿಲ್ಲ. ಹೆಸರು ಊರು ಇಲ್ಲದ ಪೊಟ್ಟಣವನ್ನು ಹಳಿಯುತ್ತಿದ್ದೇವೆ.

ಮೂರು ವರ್ಷಗಳ ಹಿಂದೆ ಇನ್ನೊಬ್ಬ ಹಳೆಯ ವಿದ್ಯಾರ್ಥಿ ದೀಪಾವಳಿಗೆ ಬಂದಾಗ ಅವನ ಮನೆಯಲ್ಲಿಯೂ ಎರಡನೆಯ ಮದುವೆಯ ಮಾತು ಎದ್ದಿತ್ತು. ಈ ಸಲ ನಾವು ಸುಮ್ಮನಿರಲಿಲ್ಲ. "ತಮ್ಮಾ, ಮೊದಲ ನಿನ್ನ ಪರೀಕ್ಷಾ ಆಗಲಿ, ಆಮ್ಯಾಲ ಆಕೀ ಮಾತು" ಎಂದೆವು. ಎರಡು ದಿನ ನಮ್ಮ ಮನೆಯ ಕಡೆ ಸುಳಿಯಲಿಲ್ಲ. ಮೂರನೆಯ ದಿನ ತಾನೇ ಬಂದು, "ಬಸ್ಸಿಗೆ ನೀವೂ ಬರ್ತೀರೇನ್ರಿ ಗುರುಗಳ?" ಎಂದ. ಹೋದೆವು. ವೀರ್ಯ ಪರೀಕ್ಷೆಗೆ ತಗಲಿದ್ದು ಕೆಲವು ನೂರು ರೂಪಾಯಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಒಂದು ಮಿಲಿಲೀಟರಿಗೆ 1 ಕೋಟಿ 60 ಲಕ್ಷ ವೀರ್ಯಾಣುಗಳನ್ನು ಕೆಳಗಿನ ಮಿತಿಯೆಂದು ಕೊಟ್ಟಿದೆ. ಅವನಲ್ಲಿ ಅದರ ಅರ್ಧವೂ ಇರಲಿಲ್ಲ. ರಕ್ತದ ಸೀಸವೂ ಬಹಳವಿತ್ತು. ಅವನ ಹೆಂಡತಿಯಲ್ಲಿ ಯಾವ ದೋಷವೂ ಕಾಣಲಿಲ್ಲ.

ವೈದ್ಯರ ಮಾತಿನಂತೆ ಅವನು ಭಟ್ಟಿ ಬಿಟ್ಟು ಊರಲ್ಲಿ ನಿಂತ. ವೀರ್ಯಾಣು ಹೊಸದಾಗಿ ಹುಟ್ಟಿ ಬಲಿಯಲು ಎರಡೂವರೆ ಮೂರು ತಿಂಗಳು ಬೇಕು. ಆದುದರಿಂದ ಪರೀಕ್ಷೆಯನ್ನು ಮೂರು ತಿಂಗಳ ಮೇಲೆ ಮತ್ತೆ ಮಾಡಿಸಬೇಕಾಗುತ್ತದೆ. ರಕ್ತದ ಸೀಸ ತಿಂಗಳಲ್ಲಿ ಸುಮಾರು ಅರ್ಧಕ್ಕಿಳಿದರೂ ಎಲುಬಿನಲ್ಲಿ ಕೂತ ಸೀಸ ಹತ್ತಾರು ವರ್ಷ ಅಲ್ಲಿಯೇ ಇದ್ದು ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಬರುತ್ತಿರುತ್ತದೆ. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಹಾಗೆಯೇ ಠಾಣೆ ಹೂಡುತ್ತದೆ. ಈ ಹುಡುಗನ ಲೆಕ್ಕ ಏರಿದೆ. ಮಗು ಇನ್ನೂ ಆಗಿಲ್ಲ. ಆದರೆ ಮನೆಯಲ್ಲಿ ಸೋಡಚೀಟಿಯ ಮಾತು ನಿಂತಿದೆ, ಅತ್ತೆ ಸೊಸೆ ಕೂಡಿ ಕಳೆ ತೆಗೆಯಲು ಹೋಗುತ್ತಾರೆ.

ಮಕ್ಕಳಿಲ್ಲದ ಗಂಡಸರೆಲ್ಲರಿಗೂ ಸೀಸವೇ ಕಾರಣವೆಂದು ನಾವು ಹೇಳುವುದಿಲ್ಲ. ಅಂಡದ ನರ ಊದಿಕೊಳ್ಳುವುದು, ಪ್ರಾಯದಲ್ಲಿ ಬಂದ ಮಂಗನಬಾವು, ಸಕ್ಕರೆ ರೋಗ, ಭಟ್ಟಿಯ ಬರೀ ಶಾಖ ಇವೂ ಕಾರಣವಾಗುತ್ತವೆ, ಹೆಣ್ಣಿನಲ್ಲಿಯೂ ದೋಷವಿರಬಹುದು. ಸುಮಾರು ಅರ್ಧದಷ್ಟು ಜೋಡಿಗಳಲ್ಲಿ ಗಂಡಿನ ಪಾಲೂ ಇರುತ್ತದೆಂಬುದು ವೈದ್ಯರ ಲೆಕ್ಕ. ಆದ ಕಾರಣ ಇಬ್ಬರನ್ನೂ ಒಂದೇ ದಿನ ಕರೆದೊಯ್ಯಿರಿ, ಮತ್ತು ಹುಡುಗ ಮಾಡುವ ಕೆಲಸವೇನೆಂಬುದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿರಿ. ಹೇಳದಿದ್ದರೆ ರಕ್ತದ ಸೀಸ ನೋಡಬೇಕೆಂದು ಅವರಿಗಾದರೂ ಹೇಗೆ ಹೊಳೆಯಬೇಕು? ನೂರು ಮಿಲಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಸೀಸ ಕಂಡರೇ ಅದು ಎಲ್ಲಿಂದ ಬಂತೆಂದು ಹುಡುಕಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ.

ಗಲಾಯಿ ಅಂಗಡಿಗಳ ಮಾಲೀಕರಲ್ಲಿ ಬಹಳ ಮಂದಿ ನಮ್ಮ ಕಡೆಯವರೇ. ನಾಲ್ಕೈದು ಜನರ ಅಂಗಡಿಗೆ ಕಾರ್ಖಾನೆಯ ಕಾಯದೆ ತಲುಪುವುದಿಲ್ಲ. ಆದುದರಿಂದ ಅವರನ್ನೇ ಕೇಳಬೇಕಾಗಿದೆ. ಹೊಗೆಯನ್ನು ಹೊರಗೆ ಎಳೆಯುವ ಪಂಖೆ ಮತ್ತು ಕೊಳವೆ, ಉಣ್ಣಲು ಮಲಗಲು ಬೇರೆ ಕೋಣೆ, ಕೈ ತೊಳೆಯಲು ಸಾಬೂನು, ಕೆಲಸದ ಬಟ್ಟೆಯನ್ನು ಅಲ್ಲಿಯೇ ಬಿಚ್ಚಿಡುವ ಏರ್ಪಾಡು: ಊರ ಜಾತ್ರೆಗೆ ಅವರು ಕೊಡುವ ವರ್ಗಣಿಯ ಮುಂದೆ ಇದರ ಖರ್ಚು ದೊಡ್ಡದಲ್ಲ. ಬಟ್ಟೆಗೆ ಅಂಟಿದ ಸೀಸದ ಧೂಳು ಮನೆಯ ಕೂಸಿನ ಬಾಯಿಗೂ ಹೋಗುತ್ತದೆಂಬುದನ್ನು ಅವರು ನೆನೆಯಲಿ.

ಹುಡುಗರು ಊರಿಗೆ ಬರುವುದು ದೀಪಾವಳಿಗೆ. ಬಂದ ನಾಲ್ಕು ದಿನಗಳಲ್ಲಿಯೇ ಪರೀಕ್ಷೆ ಆಗಬೇಕು. ವೀರ್ಯ ಪರೀಕ್ಷೆಗೆ ಮುಂಚೆ ಎರಡರಿಂದ ಏಳು ದಿನ ಸಂಗ ಬಿಟ್ಟಿರಬೇಕೆಂಬ ನಿಯಮವುಂಟು. ಊರಿಗೆ ಬರುವ ಮೊದಲೇ ಇದನ್ನು ತಿಳಿಸಿದರೆ ಒಳ್ಳೆಯದು. ನಮ್ಮ ಅಣ್ಣನ ಮಗನೂ ಈ ವರ್ಷ ಗಲಾಯಿಗೆ ಹೊರಟಿದ್ದಾನೆ. ಬೇಡವೆನ್ನಲು ನಮ್ಮ ಹೊಲದಲ್ಲಿ ಇಬ್ಬರಿಗೆ ಸಾಲುವಷ್ಟು ನೀರಿಲ್ಲ. ಹೋಗುವ ಮೊದಲು ಅವನ ರಕ್ತದ ಸೀಸವನ್ನು ನೋಡಿಸಿ, ಚೀಟಿಯನ್ನು ಹೊಲದ ಉತಾರೆಯ ಜೊತೆಗೆ ಪೆಟ್ಟಿಗೆಯಲ್ಲಿಟ್ಟಿದ್ದೇವೆ. ಬರುವ ದೀಪಾವಳಿಗೆ ಬಂದಾಗ ಮತ್ತೊಮ್ಮೆ ನೋಡಿಸಿ ಎರಡನ್ನೂ ಹೋಲಿಸಬೇಕೆಂದಿದ್ದೇವೆ.